ರೂಟಿಂಗ್ ಪಟ್ಟಿ ನೋಡಬೇಕು, ಆದರೆ ಏನೂ ಕೆಡಬಾರದು

ಪ್ರಶ್ನೆ: ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ನನ್ನದು ಲೆಕ್ಕಪತ್ರದ ಕೆಲಸ. ಕಂಪ್ಯೂಟರ್ ಉಸಾಬರಿಯೂ ನನ್ನ ತಲೆಗೇ ಬಂದಿದೆ. ಮುಖ್ಯ ಕಚೇರಿಯಲ್ಲಿ ಪ್ರಾಕ್ಸ್‌ಮಾಕ್ಸ್ (ಒಂದೇ ಸರ್ವರ್‌ನೊಳಗೆ ಹಲವು ವರ್ಚುವಲ್ ಯಂತ್ರ ಓಡಿಸುವ ಸಾಫ್ಟ್‌ವೇರ್) ಹಾಕಿದ ಮೂರು ಸರ್ವರ್ ಇವೆ. ಅದರಲ್ಲಿ ಎಸ್‌ಡಿಎನ್ (ಸಾಫ್ಟ್‌ವೇರ್‌ನಿಂದಲೇ ನೆಟ್‌ವರ್ಕ್ ಕಟ್ಟುವ ಭಾಗ) ಇದೆ, ಇವಿಪಿಎನ್ ಝೋನ್ (ಮೂರೂ ಸರ್ವರ್ ಹಂಚಿಕೊಳ್ಳುವ ವರ್ಚುವಲ್ ನೆಟ್‌ವರ್ಕ್) ಅಂತ ತೋರಿಸುತ್ತದೆ. ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಹೋದ, ಒಂದು ಚೀಟಿಯನ್ನೂ ಬರೆದಿಟ್ಟಿಲ್ಲ. ಕಾರವಾರ ಶಾಖೆಗೆ ಉಳಿದೆಲ್ಲ ಸರಿಯಾಗಿ ನಡೆಯುತ್ತಿದೆ. ಅಲ್ಲಿ ಹೊಸದಾಗಿ ಹಾಕಿದ ಮೂರು ಕೌಂಟರ್‌ಗಳಿಗೆ ಮಾತ್ರ (10.40.7 ಅಂತ ಶುರುವಾಗುವ ವಿಳಾಸಗಳು) ಸರ್ವರ್ ಸಿಗುತ್ತಿಲ್ಲ. ಎಸ್‌ಡಿಎನ್ ಪುಟದಲ್ಲಿ ನೋಡಿದರೆ ಎಲ್ಲ ಹಸಿರು. ಏನನ್ನೂ ಬದಲಾಯಿಸದೆ, ರೂಟಿಂಗ್ ಪಟ್ಟಿಯನ್ನು (ಯಾವ ವಿಳಾಸಕ್ಕೆ ಯಾವ ದಾರಿ ಅನ್ನುವುದನ್ನು) ನೋಡುವುದಕ್ಕೆ ಮಾತ್ರ ಬರುವ ಟೂಲ್ ಇದೆಯೇ? ಕೈ ಹಾಕಿ ಕೆಡಿಸಿಬಿಟ್ಟರೆ ಅನ್ನುವ ಹೆದರಿಕೆ. ಆ ಹುಡುಗ ಫೋನಿನಲ್ಲಿ ಹೇಳಿಕೊಟ್ಟಂತೆ ಒಂದು ಕಮಾಂಡ್ ಹೊಡೆದು, ಪರದೆಯ ಫೋಟೋ ಕಳಿಸಿದ್ದೇನೆ.

ಉತ್ತರ: ಇದೆ. ಒಂದಲ್ಲ, ಮೂರ್ನಾಲ್ಕು ಇವೆ, ಅರ್ಧಕ್ಕರ್ಧ ನಿಮ್ಮ ಸರ್ವರ್‌ನಲ್ಲೇ ಇವೆ. ಹೊಸದಾಗಿ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ಆದರೆ ನೀವು ಕೇಳಿದ್ದರಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಏನೂ ಕೆಡದ ಹಾಗೆ ನೋಡುವುದು ಹೇಗೆ ಅನ್ನುವುದು ಒಂದು. ಎಲ್ಲ ಹಸಿರಿದ್ದರೂ ಆ ಮೂರು ಕೌಂಟರ್ ಯಾಕೆ ಸಿಗುತ್ತಿಲ್ಲ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ನಿಮ್ಮ ಫೋಟೋದಲ್ಲೇ ಉತ್ತರ ಇದೆ ಅಂತ ನನ್ನ ಅನಿಸಿಕೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ. ದಾರಿಯ ರೂಟ್, ಸರ್ವರ್‌ನ ಸರ್ವಾಧಿಕಾರಿ ರೂಟ್, ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಎರಡನೆಯದನ್ನು ಯಜಮಾನ ಲಾಗಿನ್ ಅನ್ನುತ್ತೇನೆ.

ನಿಮ್ಮ ಹೆದರಿಕೆ ಸುಮ್ನೆ ಬಂದದ್ದಲ್ಲ. ನನ್ನದೇ ಕತೆ ಕೇಳಿ. ಒಮ್ಮೆ ಕುಮಟಾದ ಮನೆಯಲ್ಲಿ ಕೂತು ಕಾರವಾರದ ಒಂದು ಕಚೇರಿಯ ಸರ್ವರ್ ನೋಡುತ್ತಿದ್ದೆ. ಹೊಡೆಯಬೇಕಾಗಿದ್ದದ್ದು 'ಐಪಿ ರೂಟ್ ಫ್ಲಶ್ ಕ್ಯಾಶ್', ಅಂದರೆ ದಾರಿಗಳ ತಾತ್ಕಾಲಿಕ ನೆನಪನ್ನು ಮಾತ್ರ ಖಾಲಿ ಮಾಡುವುದು. ಬಾಣದ ಕೀ ಒತ್ತಿ ಹಳೆ ಕಮಾಂಡ್ ಎಳೆದುಕೊಂಡೆ, ಬಂದದ್ದು 'ಐಪಿ ರೂಟ್ ಫ್ಲಶ್ ಟೇಬಲ್ ಮೇನ್'. ಓದದೆ ಎಂಟರ್ ಒತ್ತಿದೆ. ಇದ್ದ ದಾರಿಯೆಲ್ಲ ಒಂದೇ ಏಟಿಗೆ ಹೋಯಿತು, ನಾನು ಒಳಗೆ ಹೋಗಿದ್ದ ದಾರಿಯೂ ಸೇರಿ. ಪರದೆ ಕಲ್ಲಾಗಿ ನಿಂತಿತು. ಜುಲೈ ತಿಂಗಳು, ರಾತ್ರಿ ಹತ್ತೂವರೆ. ಬೆಳಗಿನ ಮೊದಲ ಬಸ್ ಹಿಡಿದು ಹೋಗಿ, ಕೊಡೆಯಿಂದ ನೀರು ಸೋರಿಸಿಕೊಂಡು ಸರ್ವರ್ ಎದುರು ನಿಂತು ರೀಸ್ಟಾರ್ಟ್ ಮಾಡಿದೆ. ತಮಾಷೆ ಏನೆಂದರೆ, ನಾನು ಖಾಲಿ ಮಾಡಲು ಹೊರಟಿದ್ದ ಆ ಐಪಿವಿ4 ರೂಟ್ ಕ್ಯಾಶನ್ನು 2012ರಲ್ಲೇ ಲಿನಕ್ಸ್ 3.6ರಿಂದ ಕಿತ್ತುಹಾಕಿದ್ದರು. ಇಲ್ಲದ ಕಸ ಗುಡಿಸಲು ಹೋಗಿ ಮನೆಯನ್ನೇ ಗುಡಿಸಿದ್ದೆ.

ನೋಡುವ ಕಮಾಂಡ್ ಮತ್ತು ಕೆಡಿಸುವ ಕಮಾಂಡ್ ಎರಡೂ ಒಂದೇ ಟೂಲಿನಲ್ಲಿ ಇರುತ್ತವೆ. 'ಐಪಿ ರೂಟ್' ಆದ ಮೇಲೆ 'ಶೋ' ಅಂದರೆ ತೋರಿಸುತ್ತದೆ, 'ಡೆಲ್' ಅಂದರೆ ಅಳಿಸುತ್ತದೆ. ಪ್ರಾಕ್ಸ್‌ಮಾಕ್ಸ್‌ನ 'ಪಿವಿಇಎಸ್‌ಎಚ್' ಅನ್ನುವ ಕಮಾಂಡ್ ಇನ್ನೂ ಕಿಲಾಡಿ. 'ಪಿವಿಇಎಸ್‌ಎಚ್ ಗೆಟ್' ಬರೆದು ಮುಂದೆ ಕ್ಲಸ್ಟರ್, ಎಸ್‌ಡಿಎನ್ ಅಂತ ದಾರಿ ಕೊಟ್ಟರೆ ಬರೀ ಓದುತ್ತದೆ. ಅದೇ ದಾರಿಗೆ 'ಗೆಟ್' ಬದಲು 'ಸೆಟ್' ಅಂದರೆ, ಯಾರೋ ಯಾವತ್ತೋ ಬರೆದು ಅರ್ಧಕ್ಕೆ ಬಿಟ್ಟ ಬದಲಾವಣೆಗಳೂ ಸೇರಿ ಎಲ್ಲವೂ ಮೂರೂ ಸರ್ವರ್‌ಗೆ ಜಾರಿಯಾಗುತ್ತವೆ. ಇಂಗ್ಲಿಷಿನಲ್ಲಿ ಬರೆದರೆ ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಅಕ್ಷರ. ಮೇಲಾಗಿ ಪಿವಿಇಎಸ್‌ಎಚ್ ಯಜಮಾನ ಲಾಗಿನ್‌ನಲ್ಲಿ ಮಾತ್ರ ನಡೆಯುತ್ತದೆ. ಅಂದರೆ ತಪ್ಪಿದರೆ ತಡೆಯುವವರು ಯಾರೂ ಇಲ್ಲ.

ಹಾಗಾಗಿ ನೋಡಲು ಮಾತ್ರ ಬರುವ ಟೂಲ್ ಹುಡುಕುವುದಕ್ಕಿಂತ ನೋಡಲು ಮಾತ್ರ ಬರುವ ಲಾಗಿನ್ ಮಾಡಿಕೊಳ್ಳಿ. ಪೆಟ್ಟಿಗೆಗೆ 'ಮುಟ್ಟಬೇಡಿ' ಅಂತ ಚೀಟಿ ಅಂಟಿಸುವುದು ಬೇರೆ, ಬೀಗದ ಕೈ ಕೊಡದೇ ಇರುವುದು ಬೇರೆ.

ಪ್ರಾಕ್ಸ್‌ಮಾಕ್ಸ್‌ನಲ್ಲಿ ಇದಕ್ಕೆ 'ಪಿವಿಇಆಡಿಟರ್' ಅನ್ನುವ ರೋಲ್ ಸಿದ್ಧವಾಗಿಯೇ ಇದೆ. ಡೇಟಾಸೆಂಟರ್, ಪರ್ಮಿಷನ್ಸ್ ಅಂತ ಹೋಗಿ ಹೊಸ ಬಳಕೆದಾರರನ್ನು ಸೇರಿಸಿ. 'ನೋಟಗಾರ' ಅಂತಲೋ ಏನೋ ಹೆಸರು ಕೊಡಿ. ಪಾತ್ ಅನ್ನುವಲ್ಲಿ ಬರೀ ಒಂದು ಓರೆಗೆರೆ ಹಾಕಿ ಈ ರೋಲ್ ಕೊಡಿ. ಪ್ರೊಪಗೇಟ್ (ಒಳಗಿನದ್ದಕ್ಕೆಲ್ಲ ಅದೇ ಹಕ್ಕು ಇಳಿಯಲಿ) ಗುರುತು ಹಾಕಿರಲಿ. ಆಮೇಲೆ ಆ ಬಳಕೆದಾರರ ಹೆಸರಿನಲ್ಲಿ ಒಂದು ಎಪಿಐ ಟೋಕನ್ (ಕಮಾಂಡ್, ಸ್ಕ್ರಿಪ್ಟ್‌ಗಳು ಪಾಸ್‌ವರ್ಡ್ ಬದಲು ತೋರಿಸುವ ಕೀಲಿ) ಮಾಡಿ. ಟೋಕನ್ನಿನ ಗುಟ್ಟಿನ ಸಾಲನ್ನು ಒಂದೇ ಸಲ ತೋರಿಸುತ್ತದೆ, ಆಗಲೇ ಬರೆದಿಟ್ಟುಕೊಳ್ಳಿ. ಟೋಕನ್ನಿಗೆ 'ಪ್ರಿವಿಲೇಜ್ ಸೆಪರೇಷನ್' ಗುರುತು ಇದ್ದರೆ ಅದಕ್ಕೆ ಬೇರೆಯಾಗಿ ಮತ್ತೊಮ್ಮೆ ಅದೇ ರೋಲ್ ಕೊಡಬೇಕು. ಬಳಕೆದಾರರಿಗೆ ಕೊಟ್ಟಾಯಿತಲ್ಲ ಅಂತ ಎಲ್ಲರೂ ಇಲ್ಲೇ ಎಡವುತ್ತಾರೆ.

ಎಡವಿದ್ದು ಗೊತ್ತೂ ಆಗುವುದಿಲ್ಲ, ಅದೇ ಕಷ್ಟ. ಅನುಮತಿ ಇಲ್ಲದ ಟೋಕನ್‌ನಿಂದ ಝೋನ್‌ಗಳ ಪಟ್ಟಿ ಕೇಳಿದರೆ ಪ್ರಾಕ್ಸ್‌ಮಾಕ್ಸ್ ಬೈಯುವುದಿಲ್ಲ. ಖಾಲಿ ಪಟ್ಟಿ ಕೊಟ್ಟು ಸುಮ್ಮನಾಗುತ್ತದೆ. ನಿಮಗೆ ನೋಡಲು ಹಕ್ಕಿರುವ ಝೋನ್ ಮಾತ್ರ ತೋರಿಸುವುದು ಅದರ ಕ್ರಮ. ಒಂದಕ್ಕೂ ಹಕ್ಕಿಲ್ಲದಿದ್ದರೆ ಸೊನ್ನೆ. ನೋಡಿದವರು 'ಓ, ಇಲ್ಲಿ ಎಸ್‌ಡಿಎನ್ ಇಲ್ಲವೇ ಇಲ್ಲ' ಅಂದುಕೊಂಡು ಮುಂದೆ ಹೋಗುತ್ತಾರೆ. ಖಾಲಿ ಪಟ್ಟಿ ಬಂದರೆ ಮೊದಲು ಅನುಮತಿಯನ್ನು ಅನುಮಾನಿಸಿ.

ಟೋಕನ್ ನಿಜವಾಗಿಯೂ ನೋಟಕ್ಕೆ ಮಾತ್ರವೇ ಅಂತ ಪರೀಕ್ಷೆ ಮಾಡುವ ಒಂದು ಸುರಕ್ಷಿತ ಉಪಾಯ ಇದೆ. ಇಲ್ಲವೇ ಇಲ್ಲದ ಒಂದು ಹೆಸರಿನ ಝೋನನ್ನು ಅಳಿಸು ಅಂತ ಅದರಿಂದ ಕೇಳಿಸಿ. 403 (ಅನುಮತಿ ಇಲ್ಲ) ಅಂತ ತಳ್ಳಿಹಾಕಿದರೆ ಬೀಗ ಭದ್ರವಾಗಿದೆ. 'ಅಂಥ ಝೋನ್ ಇಲ್ಲ' ಅಂತ ಉತ್ತರ ಬಂದರೆ ಅಳಿಸುವ ಹಕ್ಕು ಅದಕ್ಕೆ ಇದೆ ಅಂತಾಯಿತು. ಆ ಟೋಕನ್ ತೆಗೆದು ಹೊಸದು ಮಾಡಿ.

ಇನ್ನು ಪಟ್ಟಿ ತರಿಸುವುದು. ನಿಮ್ಮ ಮೇಜಿನ ಕಂಪ್ಯೂಟರ್‌ನಿಂದಲೇ 'ಕರ್ಲ್' ಅನ್ನುವ ಕಮಾಂಡ್ ಬಳಸಿ, ಸರ್ವರ್‌ನ 8006 ಪೋರ್ಟಿಗೆ, ಟೋಕನ್ ಜೊತೆಗೆ ಕೇಳಬಹುದು. ಬೇರೇನೂ ಹೇಳದಿದ್ದರೆ ಕರ್ಲ್ ಗೆಟ್ ಕೋರಿಕೆಯನ್ನೇ ಕಳಿಸುತ್ತದೆ, ಅಂದರೆ ಓದುವುದು ಮಾತ್ರ. ಝೋನ್‌ಗಳು, ವಿನೆಟ್‌ಗಳು (ವರ್ಚುವಲ್ ಯಂತ್ರಗಳು ಸೇರಿಕೊಳ್ಳುವ ನೆಟ್‌ವರ್ಕ್), ಪ್ರತಿ ವಿನೆಟ್‌ನ ಸಬ್‌ನೆಟ್‌ಗಳು (ವಿಳಾಸಗಳ ಗುಂಪು), ಕಂಟ್ರೋಲರ್‌ಗಳು ಅಂತ ನಾಲ್ಕು ಬಗೆಯ ಪಟ್ಟಿ ಕೇಳಿದರೆ ದಾರಿಗೆ ಸಂಬಂಧಿಸಿ ಎಸ್‌ಡಿಎನ್‌ನಲ್ಲಿ ಬರೆದಿಟ್ಟ ಮುಖ್ಯವಾದದ್ದೆಲ್ಲ ಸಿಕ್ಕಿತು. ಕೇಳುವಾಗ 'ಪೆಂಡಿಂಗ್ 1' ಅಂತ ಸೇರಿಸಿದರೆ ಬರೆದೂ ಜಾರಿಯಾಗದೆ ಉಳಿದದ್ದು ಕಾಣುತ್ತದೆ. ಅದರ ಎದುರು ಹೊಸದು, ಬದಲಾದದ್ದು, ಅಳಿಸಿದ್ದು ಅನ್ನುವ ಗುರುತು ಇರುತ್ತದೆ. 'ರನ್ನಿಂಗ್ 1' ಅಂದರೆ ಜಾರಿಯಾದದ್ದು. ಎರಡನ್ನೂ ತರಿಸಿ, ಪಕ್ಕಪಕ್ಕ ಇಟ್ಟು ನೋಡಿ. ಮೂರು ವರ್ಷದಿಂದ ಯಾರೂ ಮುಟ್ಟದ ಕಡೆ ಏನಾದರೂ ಪೆಂಡಿಂಗ್ ಇದ್ದರೆ, 'ಅಪ್ಲೈ' ಗುಂಡಿಯ ಹತ್ತಿರ ಯಾರೂ ಹೋಗದ ಹಾಗೆ ನೋಡಿಕೊಳ್ಳಿ.

ನೀವು ನೋಡಿದ ಹಸಿರು ಇಲ್ಲಿಯದು. ಎಸ್‌ಡಿಎನ್ ಅಂದರೇನು ಅಂತ ಒಂದು ಗಳಿಗೆ ನೋಡಿದರೆ ಅದರ ಅರ್ಥ ಗೊತ್ತಾಗುತ್ತದೆ. ಮೊದಲು ಪ್ರತಿ ರೂಟರ್‌ಗೂ ಅದರದ್ದೇ ತಲೆ, ಅದರದ್ದೇ ಕೈಕಾಲು. ಯೋಚನೆಯನ್ನು ಒಂದು ಕಡೆ ಇಟ್ಟು ಸಾಗಣೆಯನ್ನು ಮಾತ್ರ ಪೆಟ್ಟಿಗೆಗಳಿಗೆ ಬಿಡೋಣ ಅನ್ನುವ ಮಾತು 2008ರಲ್ಲಿ ಸ್ಟ್ಯಾನ್‌ಫರ್ಡ್ ಕಡೆಯವರು ಓಪನ್‌ಫ್ಲೋ ಅನ್ನುವ ಇಂಥದ್ದೇ ವ್ಯವಸ್ಥೆಯ ಬಗ್ಗೆ ಬರೆದ ಮೇಲೆ ಜೋರಾಯಿತು. ಪ್ರಾಕ್ಸ್‌ಮಾಕ್ಸ್‌ನವರು 2023ರಲ್ಲಿ, 8.1ನೇ ಆವೃತ್ತಿಯಿಂದ, ಎಸ್‌ಡಿಎನ್‌ನ ಮೂಲ ಭಾಗಕ್ಕೆ ಪೂರ್ತಿ ಬೆಂಬಲ ಕೊಟ್ಟರು. ಇವರದ್ದು ನಡುವಿನ ದಾರಿ. ಬರೆಯುವುದು ಒಂದು ಕಡೆ, ಆದರೆ ನಿಮ್ಮ ಹಾಗೆ ಇವಿಪಿಎನ್ ಝೋನ್ ಇದ್ದರೆ ಪ್ರತಿ ಸರ್ವರ್‌ನಲ್ಲೂ ಎಫ್‌ಆರ್‌ಆರ್ ಅನ್ನುವ ರೂಟಿಂಗ್ ಸಾಫ್ಟ್‌ವೇರ್ ಕೂತಿರುತ್ತದೆ. ಅವು ತಮ್ಮತಮ್ಮಲ್ಲಿ ಬಿಜಿಪಿ ಅನ್ನುವ ಭಾಷೆ ಮಾತಾಡಿಕೊಂಡು ದಾರಿ ಹಂಚಿಕೊಳ್ಳುತ್ತವೆ.

ಹೀಗಾಗಿ ಒಂದೇ ದಾರಿ ನಾಲ್ಕೈದು ಕಡೆ ಬರೆದಿರುತ್ತದೆ. ನೀವು ಪುಟದಲ್ಲಿ ತುಂಬಿದ್ದು ಮೊದಲು ಎಸ್‌ಡಿಎನ್ ಫೋಲ್ಡರ್‌ನ ಫೈಲುಗಳಿಗೆ ಹೋಗುತ್ತದೆ. ಅಪ್ಲೈ ಒತ್ತಿದ ಮೇಲೆ ಅದೇ ಫೋಲ್ಡರ್‌ನಲ್ಲಿ ಅಡಗಿರುವ 'ರನ್ನಿಂಗ್ ಕಾನ್ಫಿಗ್' ಫೈಲಿಗೆ. ಅಲ್ಲಿಂದ ಪ್ರತಿ ಸರ್ವರ್ ತನ್ನ ನೆಟ್‌ವರ್ಕ್ ಫೈಲನ್ನೂ ಎಫ್‌ಆರ್‌ಆರ್ ಫೈಲನ್ನೂ ಬರೆದುಕೊಳ್ಳುತ್ತದೆ. ಅದನ್ನು ಓದಿ ಎಫ್‌ಆರ್‌ಆರ್ ತನ್ನ ಪಟ್ಟಿ ಕಟ್ಟುತ್ತದೆ. ಕೊನೆಗೆ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಟೇಬಲ್. ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಓಡಾಡುವ ಮಾಹಿತಿಯ ಪೊಟ್ಟಣ) ದಾರಿ ಹಿಡಿಯುವುದು ಈ ಕೊನೆಯದನ್ನು ನೋಡಿ ಮಾತ್ರ. ನಿಮ್ಮ ಹಸಿರು ಹೇಳುವುದು ಇಷ್ಟೇ: ಬರೆದದ್ದು ಸರ್ವರ್‌ಗೆ ಇಳಿದಿದೆ. ಕಾರವಾರದ ಕೌಂಟರ್ ಸಿಗುತ್ತದೋ ಇಲ್ಲವೋ ಅಂತ ಅದು ಯಾವತ್ತೂ ನೋಡಿಲ್ಲ.

ಶಿರಸಿಯವರಿಗೆ ಇದು ಹೊಸದಲ್ಲ. ಬಸ್ ಬೋರ್ಡಿನ ಮೇಲೆ ಕುಮಟಾ ಅಂತ ಇರುತ್ತದೆ, ನಮ್ಮ ತಲೆಯಲ್ಲಿ ದೇವಿಮನೆ ಘಟ್ಟ. ಮಳೆಗೆ ಘಟ್ಟ ಬಂದ್ ಆದ ದಿನ ಬೋರ್ಡ್ ಬದಲಾಗುವುದಿಲ್ಲ. ಬಸ್ ಯಲ್ಲಾಪುರ ಸುತ್ತಿ ಅಂಕೋಲಾಕ್ಕೆ ಇಳಿಯುತ್ತದೆ. ಯಾವ ದಾರಿ ಅಂತ ಗೊತ್ತಾಗಬೇಕಾದರೆ ಬೋರ್ಡ್ ಓದಿದರೆ ಸಾಲದು, ಚಾಲಕರನ್ನು ಕೇಳಬೇಕು.

ಚಾಲಕರನ್ನು ಕೇಳುವ ಕಮಾಂಡ್ 'ಐಪಿ ರೂಟ್ ಗೆಟ್', ಮುಂದೆ ಹೋಗಬೇಕಾದ ವಿಳಾಸ. ಇದಕ್ಕೆ ಯಜಮಾನ ಲಾಗಿನ್ ಬೇಡ. ಸರ್ವರ್‌ನಲ್ಲಿ ಸಾದಾ ಲಿನಕ್ಸ್ ಬಳಕೆದಾರರೊಬ್ಬರನ್ನು ಮಾಡಿಕೊಂಡರೆ ಸಾಕು. ಸಾದಾ ಬಳಕೆದಾರರು ಎಷ್ಟು ಬೇಕಾದರೂ ನೋಡಬಹುದು. ಅಳಿಸಲು ಹೋದರೆ ಕರ್ನಲ್ಲೇ 'ಆಪರೇಷನ್ ನಾಟ್ ಪರ್ಮಿಟೆಡ್' ಅಂದು ಕೈ ಹಿಡಿಯುತ್ತದೆ. ಆ ಜುಲೈ ರಾತ್ರಿ ನಾನು ಸಾದಾ ಲಾಗಿನ್‌ನಲ್ಲಿ ಇದ್ದಿದ್ದರೆ ಬಸ್ ಹತ್ತುವ ಕೆಲಸ ಇರಲಿಲ್ಲ.

ಇಲ್ಲೂ ಬೀಳುವಂಥ ಒಂದೆರಡು ಹೊಂಡ ಇವೆ. 'ಐಪಿ ರೂಟ್ ಶೋ' ತೋರಿಸುವುದು ಮುಖ್ಯ ಟೇಬಲ್ ಒಂದನ್ನೇ. ಇವಿಪಿಎನ್ ಝೋನ್‌ನ ದಾರಿಗಳು ಬೇರೆ ಟೇಬಲ್‌ನಲ್ಲಿ, ವಿಆರ್‌ಎಫ್ ಅನ್ನುವುದರಲ್ಲಿ ಇರುತ್ತವೆ. ಅದರ ಹೆಸರು ವಿಆರ್‌ಎಫ್, ಅಡಿಗೆರೆ, ನಿಮ್ಮ ಝೋನ್‌ನ ಹೆಸರು, ಹೀಗೆ ಇರುತ್ತದೆ. ಎಲ್ಲ ಒಟ್ಟಿಗೆ ಬೇಕಾದರೆ 'ಐಪಿ ರೂಟ್ ಶೋ ಟೇಬಲ್ ಆಲ್'. ಯಾವ ಟೇಬಲನ್ನು ಯಾವಾಗ ಓದಬೇಕು ಅನ್ನುವ ನಿಯಮ 'ಐಪಿ ರೂಲ್ ಲಿಸ್ಟ್'ನಲ್ಲಿ. 0, 1000, 32766 ಅಂತೆಲ್ಲ ಸಂಖ್ಯೆ ಕಂಡರೆ ಗಾಬರಿ ಬೇಡ, ಅದು ಸರದಿಯ ಸಂಖ್ಯೆ, ಚಿಕ್ಕದು ಮೊದಲು. 1000 ಅಂತ ಇರುವುದು ವಿಆರ್‌ಎಫ್‌ನ ಸಾಲು, 32766 ಮುಖ್ಯ ಟೇಬಲ್‌ನದ್ದು.

ಇನ್ನೊಂದು ಹೊಂಡ ಇದಕ್ಕಿಂತ ಆಳ. ಬರೀ 'ಐಪಿ ರೂಟ್ ಗೆಟ್' ಅಂದರೆ ಸರ್ವರ್ ತಾನೇ ಕಳಿಸುವ ಪ್ಯಾಕೆಟ್ ಯಾವ ಕಡೆ ಹೋಗುತ್ತದೆ ಅಂತ ಹೇಳುತ್ತದೆ. ನಿಮಗೆ ಬೇಕಾದದ್ದು ಒಳಗಿನ ವರ್ಚುವಲ್ ಯಂತ್ರದಿಂದ ಬಂದು ದಾಟಿಹೋಗುವ ಪ್ಯಾಕೆಟ್. ಅದಕ್ಕೆ 'ಫ್ರಮ್' ಬರೆದು ಆ ಯಂತ್ರದ ವಿಳಾಸ, 'ಐಐಎಫ್' ಬರೆದು ಆ ವಿನೆಟ್‌ನ ಹೆಸರು, ಎರಡನ್ನೂ ಸೇರಿಸಿ ಕೇಳಿ. ಇಲ್ಲದಿದ್ದರೆ ನೀವು ಕೇಳಿದ್ದು ಒಬ್ಬರ ದಾರಿ, ಉತ್ತರ ಬಂದದ್ದು ಇನ್ನೊಬ್ಬರದ್ದು.

ಎಫ್‌ಆರ್‌ಆರ್ ಒಳಗೆ ನೋಡಲು 'ವಿಟಿವೈಎಸ್‌ಎಚ್' ಅನ್ನುವ ಶೆಲ್. ನಿಮ್ಮ ಹುಡುಗ ಹೊಡೆಸಿದ್ದು ಇದನ್ನೇ. ಇದು ನೋಟದ ಟೂಲ್ ಅಲ್ಲ. ಅದೇ ಶೆಲ್‌ನಲ್ಲಿ 'ಕಾನ್ಫಿಗರ್ ಟರ್ಮಿನಲ್' ಅಂದರೆ ಎಲ್ಲವನ್ನೂ ಬದಲಾಯಿಸಬಹುದು. ಸಾದಾ ಬಳಕೆದಾರರಿಗೆ ಇದರಲ್ಲಿ 'ಶೋ ಐಪಿ ರೂಟ್ ವಿಆರ್‌ಎಫ್ ಆಲ್' ಮತ್ತು 'ಶೋ ಬಿಜಿಪಿ ಎಲ್2ವಿಪಿಎನ್ ಇವಿಪಿಎನ್' ಎರಡಕ್ಕೆ ಮಾತ್ರ ಸುಡೋ (ಯಜಮಾನ ಲಾಗಿನ್‌ನ ಹಕ್ಕಿನಲ್ಲಿ ಕಮಾಂಡ್ ಓಡಿಸುವ) ಅನುಮತಿ ಕೊಡಿ. ಪೂರ್ತಿ ಕಮಾಂಡನ್ನು ಅಕ್ಷರಶಃ ಬರೆದು ಕೊಡಿ. 'ಶೋ' ಆದ ಮೇಲೆ ನಕ್ಷತ್ರ ಹಾಕಿಬಿಟ್ಟರೆ ಎಲ್ಲ ಶೋ ಕಮಾಂಡೂ ಬರುತ್ತದಲ್ಲ ಅಂತ ಅನಿಸುತ್ತದೆ. ಬರುತ್ತದೆ, ಜೊತೆಗೆ ಬೇಡದ್ದೂ ಬರುತ್ತದೆ. ಸುಡೋದಲ್ಲಿ ಆ ನಕ್ಷತ್ರ ಖಾಲಿ ಜಾಗವನ್ನೂ ದಾಟಿ ಹೊಂದಿಕೊಳ್ಳುತ್ತದೆ. ಶೋ ಬೆನ್ನಿಗೇ ಇನ್ನೊಂದು 'ಸಿ' (ಮುಂದೆ ಬರುವುದು ಕಮಾಂಡ್ ಅಂತ ವಿಟಿವೈಎಸ್‌ಎಚ್‌ಗೆ ಹೇಳುವ ಗುರುತು) ಹಾಕಿ 'ಕಾನ್ಫಿಗರ್ ಟರ್ಮಿನಲ್' ಅಂತ ಅಂಟಿಸಿದರೂ ಒಳಗೆ ಬಿಡುತ್ತದೆ. ಹಿತ್ತಲ ಬಾಗಿಲು ಅಂದರೆ ಇದೇ.

ಈಗ ನಿಮ್ಮ ಫೋಟೋ. ಪರದೆಯ ಮೂಲೆ ಹೊಳೆದು ಬಿಳಿಯಾಗಿದೆ. ಆದರೂ ನಡುವಿನ ಎರಡು ಸಾಲು ಸ್ಪಷ್ಟವಾಗಿ ಓದಲು ಬರುತ್ತವೆ. ಕನ್ನಡ ಅಕ್ಷರದಲ್ಲಿ ಹೀಗೆ:

ಬಿ>* 10.40.0.0/16 [20/0] ವಯಾ 10.10.0.1, ವಿಎಂಬಿಆರ್0

ಕೆ>* 10.40.7.0/24 [0/0] ವಯಾ 10.10.0.254, ವಿಎಂಬಿಆರ್0

ವಯಾ ಅಂದರೆ ಯಾರ ಮೂಲಕ, ವಿಎಂಬಿಆರ್0 ಅಂದರೆ ಸರ್ವರ್ ಹೊರಗಿನ ನೆಟ್‌ವರ್ಕ್‌ಗೆ ಸೇರುವ ಜೋಡಣೆ. ಸಾಲಿನ ತಲೆಯ ಅಕ್ಷರ ಆ ದಾರಿ ಎಲ್ಲಿಂದ ಬಂತು ಅಂತ ಹೇಳುತ್ತದೆ. ಬಿ ಅಂದರೆ ಬಿಜಿಪಿಯಿಂದ ಕಲಿತದ್ದು. ಕೆ ಅಂದರೆ ಕರ್ನಲ್‌ನಲ್ಲಿ ಮೊದಲೇ ಇದ್ದದ್ದು, ಎಫ್‌ಆರ್‌ಆರ್ ಹಾಕಿದ್ದಲ್ಲ. ಬಾಣ ಇದ್ದರೆ ಆರಿಸಿದ ದಾರಿ, ನಕ್ಷತ್ರ ಇದ್ದರೆ ನಿಜವಾಗಿ ಬಳಕೆಗೆ ಇಳಿಸಿದ್ದು. ಚೌಕದ ಒಳಗಿನ ಮೊದಲ ಸಂಖ್ಯೆ ಎಷ್ಟು ನಂಬಬಹುದು ಅನ್ನುವುದರ ಅಂಕ. ಕಡಿಮೆ ಇದ್ದಷ್ಟೂ ನಂಬಿಕೆ ಜಾಸ್ತಿ. ಹೊರಗಿನ ಬಿಜಿಪಿಗೆ 20, ಒಳಗಿನದ್ದಕ್ಕೆ 200, ಓಎಸ್‌ಪಿಎಫ್ ಅನ್ನುವ ಇನ್ನೊಂದು ಭಾಷೆಗೆ 110, ಕೈಯಾರೆ ಬರೆದ ಸ್ಟ್ಯಾಟಿಕ್‌ಗೆ 1.

ಮೊದಲ ಸಾಲು ಸರಿ. ಕಾರವಾರದ ಎಲ್ಲ ವಿಳಾಸ 10.10.0.1 ಕಡೆ, ಅಂದರೆ ನಿಮ್ಮ ವಿಪಿಎನ್ ರೂಟರ್ ಕಡೆ ಅಂತ ಕಾಣುತ್ತದೆ. ಕಳ್ಳ ಎರಡನೆಯದು. 10.40.7ರಿಂದ ಶುರುವಾಗುವ ವಿಳಾಸಗಳನ್ನು ಮಾತ್ರ ಅದು 10.10.0.254 ಕಡೆ ಕಳಿಸುತ್ತಿದೆ. ನಿಮ್ಮ ಮೂರು ಕೌಂಟರ್ ಇರುವುದು ಅಲ್ಲೇ.

ಕೆ ಸಾಲಿನ ಅಂಕ 0, ಹಾಗಾಗಿ ಅದು ಗೆದ್ದಿತು ಅಂತ ಕೆಲವರು ಹೇಳಬಹುದು. ಅಲ್ಲ. ಒಂದೇ ವಿಳಾಸ, ಒಂದೇ ಅಳತೆಯ ಎರಡು ಸಾಲು ಇದ್ದಾಗ ಮಾತ್ರ ಆ ಅಂಕದ ಪಂಚಾಯಿತಿ. ಇಲ್ಲಿ ಅಳತೆಯೇ (ಓರೆಗೆರೆಯ ಆಚೆಯ ಸಂಖ್ಯೆ, ದೊಡ್ಡದಾದಷ್ಟೂ ಹೆಚ್ಚು ಬಿಡಿಸಿ ಹೇಳಿದಂತೆ) ಬೇರೆ, 16 ಮತ್ತು 24. ಹೆಚ್ಚು ಬಿಡಿಸಿ ಹೇಳಿದ ವಿಳಾಸವೇ ಯಾವಾಗಲೂ ಗೆಲ್ಲುತ್ತದೆ. ಟಪಾಲು ವಿಂಗಡಿಸುವವರಿಗೆ 'ಕಾರವಾರದ್ದೆಲ್ಲ ಈ ಚೀಲಕ್ಕೆ, ಕಾರವಾರ ಬೈತಖೋಲದ್ದು ಆ ಚೀಲಕ್ಕೆ' ಅಂದರೆ ಬೈತಖೋಲದ ಕಾಗದ ಆ ಚೀಲಕ್ಕೇ ಬೀಳುತ್ತದೆ, ಈ ಚೀಲ ಎಷ್ಟು ನಂಬಿಕಸ್ತರದ್ದಾದರೂ. ಕೆ ಸಾಲಿನ ಅಂಕ 250 ಇದ್ದಿದ್ದರೂ ನಿಮ್ಮ ಕೌಂಟರ್‌ಗಳ ಗತಿ ಇದೇ ಆಗುತ್ತಿತ್ತು.

ಇದು ಎಸ್‌ಡಿಎನ್ ಪುಟದಲ್ಲಿ ಯಾಕೆ ಕಾಣಲಿಲ್ಲ? ಎಸ್‌ಡಿಎನ್ ಬರೆದದ್ದೇ ಅಲ್ಲವಲ್ಲ. ಹಿಂದೆ ಯಾವಾಗಲೋ ಹಳೆ ಲಿಂಕಿಗೋ ಪರೀಕ್ಷೆಗೋ ಅಂತ ಯಾರೋ ನೀವು ಫೋಟೋ ತೆಗೆದ ಆ ಒಂದು ಸರ್ವರ್‌ನಲ್ಲಿ ಕೈಯಾರೆ ಹಾಕಿದ್ದು ಅಂತ ನನ್ನ ಊಹೆ. ಇವಿಪಿಎನ್‌ನಲ್ಲಿ ಹೊರಗೆ ಹೋಗುವ ಪ್ಯಾಕೆಟ್‌ಗಳೆಲ್ಲ 'ಎಕ್ಸಿಟ್ ನೋಡ್' ಅಂತ ಗುರುತು ಮಾಡಿದ ಸರ್ವರ್‌ನಿಂದ ಹೊರಬೀಳುತ್ತವೆ. ಅಲ್ಲಿಂದಾಚೆ ಅದರ ಮುಖ್ಯ ಟೇಬಲ್ ಹೇಳಿದ್ದೇ ಮಾತು. ಎಸ್‌ಡಿಎನ್‌ನ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ತಾನು ಬರೆದದ್ದನ್ನಷ್ಟೇ ಹೇಳುತ್ತದೆ. ಬೇರೆಯವರು ಪಕ್ಕದಲ್ಲಿ ಗೀಚಿದ್ದು ಅದರ ಲೆಕ್ಕಕ್ಕಿಲ್ಲ.

ಊಹೆ ನಿಜವೇ ಅಂತ ನೋಡಲು ಆ ಸರ್ವರ್‌ನಲ್ಲಿ ಸಾದಾ ಬಳಕೆದಾರರಾಗಿ 'ಐಪಿ ರೂಟ್ ಶೋ' ಹೊಡೆಯಿರಿ. ಪ್ರತಿ ಸಾಲಿನಲ್ಲೂ 'ಪ್ರೋಟೋ' ಅನ್ನುವ ಪದ ಹುಡುಕಿ. ಬಿಜಿಪಿ ತಂದದ್ದಕ್ಕೆ 'ಪ್ರೋಟೋ ಬಿಜಿಪಿ' ಅಂತ ಇರುತ್ತದೆ. ಕಾರ್ಡಿಗೆ ವಿಳಾಸ ಕೊಟ್ಟಾಗ ತಾನಾಗಿ ಬಂದದ್ದಕ್ಕೆ 'ಪ್ರೋಟೋ ಕರ್ನಲ್'. ಕೈಯಾರೆ 'ಐಪಿ ರೂಟ್ ಆಡ್' ಅಂತ ಹಾಕಿದ್ದಕ್ಕೆ ಆ ಪದವೇ ಇರುವುದಿಲ್ಲ. ಮನೆತನದ ಹೆಸರಿಲ್ಲದ ಸಾಲು ಕಂಡರೆ ಅದು ಕೈಬರಹ ಅಂತ ತಿಳಿಯಿರಿ. ಮೂರೂ ಸರ್ವರ್‌ನಲ್ಲಿ ಅಂಥವನ್ನು ಹುಡುಕಿ ಬರೆದಿಟ್ಟುಕೊಳ್ಳಿ. ಮುಂದೆ ಆಡಿಟ್‌ಗೆ ಪಟ್ಟಿ ಕೊಡಬೇಕಾಗಿ ಬಂದರೆ ಅದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಪುಟ ಅದೇ ಆಗುತ್ತದೆ. ರೀಸ್ಟಾರ್ಟ್ ಆದ ಮೇಲೂ ಅದು ಉಳಿಯುತ್ತಿದ್ದರೆ 'ಇಟಿಸಿ' ಒಳಗಿನ ನೆಟ್‌ವರ್ಕ್ ಫೋಲ್ಡರ್‌ನ 'ಇಂಟರ್‌ಫೇಸಸ್' ಫೈಲಿನಲ್ಲಿ 'ಪೋಸ್ಟ್ ಅಪ್' ಅಂತ ಶುರುವಾಗುವ ಸಾಲು ಇರುವ ಸಂಭವ ಹೆಚ್ಚು.

ಹಾಗಾದರೆ ಆ 254 ಏನು? ಈಗ ಅಲ್ಲಿ ಯಂತ್ರವೇ ಇಲ್ಲದಿರಬಹುದು. 'ಯಂತ್ರ ಇಲ್ಲದಿದ್ದರೆ ದಾರಿಯೂ ಅಳಿಸಿಹೋಗಬೇಕಲ್ವಾ?' ಅಂತ ಕೇಳಬಹುದು. ಹೋಗುವುದಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತಲ್ಲ. ಚಾಲಕರು ಪುಣ್ಯಕ್ಕೆ ಬದುಕಿದರು. ಮರುದಿನ ಗೋಡೆಯ ನಕ್ಷೆಯಲ್ಲಿ ಹೆದ್ದಾರಿ 66ರ ಗೆರೆ ಕಾಳಿಯ ಮೇಲೆ ಹಾಗೇ ಇತ್ತು. ರೂಟ್ ಟೇಬಲೂ ಹಾಗೆ. ನಿಮ್ಮ ಸರ್ವರ್‌ನ ಕಾರ್ಡಿಗೆ ಕೇಬಲ್ ಇದೆ, ವಿಎಂಬಿಆರ್0 ಜೀವಂತ ಇದೆ, ಅಷ್ಟು ಸಾಕು. ಆಚೆ ತುದಿಯಲ್ಲಿ 254 ಇದೆಯೋ ಇಲ್ಲವೋ ಅಂತ ಕರ್ನಲ್ ಸಾಲನ್ನು ಅಳಿಸುವ ಮಟ್ಟಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅದನ್ನು ನೋಡುವ ಪಟ್ಟಿಯೇ ಬೇರೆ, 'ಐಪಿ ನೈಬರ್ ಶೋ'. ಆ ಸರ್ವರ್‌ನಿಂದ ಕಾರವಾರದ ಒಂದು ಹೊಸ ಕೌಂಟರ್‌ಗೆ ಪಿಂಗ್ ಹಾಕಿ, ಕೂಡಲೇ ಇದನ್ನು ಹೊಡೆದು 254ರ ಸಾಲು ನೋಡಿ. 'ಫೇಲ್ಡ್' ಅಂತ ಇದ್ದರೆ ಸೇತುವೆ ಬಿದ್ದಿದೆ. 'ರೀಚಬಲ್' ಅಂತ ಇದ್ದರೆ ಅಲ್ಲಿ ಯಾವುದೋ ಪೆಟ್ಟಿಗೆ ಇನ್ನೂ ಉಸಿರಾಡುತ್ತಿದೆ. ಆಗ ಅದು ಯಾವ ಕಪಾಟಿನ ಹಿಂದೆ ಇದೆ ಅಂತ ಹುಡುಕುವ ಕೆಲಸ ನಿಮ್ಮದು.

ಮುಂದೆ ನಿಮ್ಮ ಸಂಘದವರು ಸರ್ವರನ್ನು ಕ್ಲೌಡ್‌ಗೆ ಒಯ್ದರೂ ಈ ಕಾಟ ತಪ್ಪುವುದಿಲ್ಲ, ಹೆಸರು ಬದಲಾಗುತ್ತದೆ ಅಷ್ಟೇ. ಅಮೆಜಾನ್‌ನ ಎಡಬ್ಲ್ಯೂಎಸ್‌ನಲ್ಲಿ ಆಚೆ ತುದಿ ಅಳಿಸಿಹೋದ ಸಾಲಿಗೆ 'ಬ್ಲ್ಯಾಕ್‌ಹೋಲ್' ಅಂತ ಗುರುತು ಹಾಕಿ ತೋರಿಸುತ್ತಾರೆ, ಅದು ಒಳ್ಳೆಯದು. ಗೂಗಲ್‌ನಲ್ಲಿ ರೂಟ್ ಪಟ್ಟಿ ಕೇಳಿದರೆ ಕ್ಲೌಡ್ ರೂಟರ್ ಬಿಜಿಪಿಯಿಂದ ಕಲಿತದ್ದು ಅದರಲ್ಲಿ ಬರುವುದಿಲ್ಲ, ಬೇರೆಯಾಗಿ ಕೇಳಬೇಕು. ಮೈಕ್ರೋಸಾಫ್ಟ್‌ನ ಅಜೂರ್‌ನದ್ದು ವಿಚಿತ್ರ. ಅಲ್ಲಿ 'ರೀಡರ್' ಅನ್ನುವ ರೋಲ್‌ಗೆ ಬರೆದಿಟ್ಟ ರೂಟ್ ಟೇಬಲ್ ಕಾಣುತ್ತದೆ, ನಿಜವಾಗಿ ನಡೆಯುತ್ತಿರುವ ದಾರಿ ಕಾಣುವುದಿಲ್ಲ. ಅದನ್ನು ನೋಡುವುದನ್ನು ಅವರು ಓದು ಅಂತ ಲೆಕ್ಕ ಹಾಕದೆ 'ಆಕ್ಷನ್' ಅಂತ ಲೆಕ್ಕ ಹಾಕಿದ್ದಾರೆ. ಬೋರ್ಡ್ ಓದಬಹುದು, ಚಾಲಕರ ಹತ್ತಿರ ಮಾತಾಡುವ ಹಾಗಿಲ್ಲ!

ಇಷ್ಟೆಲ್ಲ ಒಮ್ಮೆ ಮಾಡಿ ಬಿಡಬೇಡಿ. ಟೋಕನ್‌ನಿಂದ ಬರುವ ನಾಲ್ಕು ಪಟ್ಟಿ, ಮೂರು ಸರ್ವರ್‌ನ 'ಟೇಬಲ್ ಆಲ್', ಎಫ್‌ಆರ್‌ಆರ್‌ನ ಎರಡು ಶೋ, ಇಷ್ಟನ್ನು ಒಂದು ಸಣ್ಣ ಸ್ಕ್ರಿಪ್ಟಿನಲ್ಲಿ ಹಾಕಿ ದಿನಕ್ಕೊಮ್ಮೆ ಓಡಿಸಿ. ಸ್ಕ್ರಿಪ್ಟ್ ಸರ್ವರ್‌ನಲ್ಲಿ ಬೇಡ, ಬೇರೆ ಕಂಪ್ಯೂಟರ್‌ನಲ್ಲಿ ಇರಲಿ. ಬಂದದ್ದನ್ನು ತಾರೀಕು ಹಾಕಿ ಉಳಿಸಿ, ಹಿಂದಿನ ದಿನದ್ದರ ಜೊತೆ ಹೋಲಿಸಿ. ಗಿಟ್ ಗೊತ್ತಿದ್ದರೆ ಗಿಟ್, ಇಲ್ಲದಿದ್ದರೆ 'ಡಿಫ್' ಸಾಕು. ವ್ಯತ್ಯಾಸ ಇಲ್ಲದ ದಿನ ಅದು ಏನೂ ಹೇಳಬಾರದು. ದಿನಾ ಮೇಲ್ ಕಳಿಸುವ ಸ್ಕ್ರಿಪ್ಟನ್ನು ಹದಿನೈದನೇ ದಿನ ಯಾರೂ ಓದುವುದಿಲ್ಲ. ಒಂದು ಕಿವಿಮಾತು: ಸಾಲುಗಳಲ್ಲಿ ಇರುವ ಸಮಯವನ್ನು (ಎಷ್ಟು ವಾರದಿಂದ ಇದೆ ಅನ್ನುವುದನ್ನು) ಹೋಲಿಸುವ ಮೊದಲು ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಪ್ರತಿ ದಿನವೂ ಎಲ್ಲವೂ ಬದಲಾದಂತೆ ಕಾಣುತ್ತದೆ.

ಈ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ನನಗೆ ಕಳಿಸುವಾಗಲೂ ಬೇಕಾದ ಸಾಲು ಮಾತ್ರ ಕಳಿಸಿ. ಬದಲಾಯಿಸಲು ಬರದಿದ್ದರೂ ನಿಮ್ಮ ಮನೆಯ ಪೂರ್ತಿ ನಕ್ಷೆ ಅದರಲ್ಲಿ ಇದೆ. ಅದರಲ್ಲೂ ಎಸ್‌ಡಿಎನ್‌ನ ಐಪ್ಯಾಮ್ (ವಿಳಾಸಗಳ ಲೆಕ್ಕ) ಮತ್ತು ಡಿಎನ್‌ಎಸ್ (ಹೆಸರುಗಳ ಪಟ್ಟಿ) ಭಾಗದಲ್ಲಿ ಹೊರಗಿನ ಸೇವೆಗಳ ಟೋಕನ್ ಇರಬಹುದು. ಆ ಎರಡನ್ನು ನಾನು ಸ್ಕ್ರಿಪ್ಟಿಗೆ ಸೇರಿಸುವುದೇ ಇಲ್ಲ.

ಇನ್ನು ಆ 24ರ ಸಾಲು ತೆಗೆಯುವ ವಿಷಯ. ಅದು ನೋಟದ ಕೆಲಸ ಅಲ್ಲ, ಹಾಗಾಗಿ ಇವತ್ತು ಬೇಡ. ಮೊದಲು ಕಾರವಾರದ ಕಡೆಯ ಪಟ್ಟಿ ಬೇಕು. ಸೇತುವೆ ಬೀಳುವ ಮೊದಲು ಗೋವಾದಿಂದ ಬರುವವರು ಹಳೆಯದರಲ್ಲಿ, ಹೋಗುವವರು ಹೊಸದರಲ್ಲಿ ಅಂತ ಇತ್ತಲ್ಲ, ಪ್ಯಾಕೆಟ್ಟೂ ಹೋಗುವುದೊಂದು ದಾರಿ, ಬರುವುದೊಂದು ದಾರಿ ಹಿಡಿಯಬಹುದು. ಶಿರಸಿಯ ಸಾಲು ಸರಿಮಾಡಿದ ಮೇಲೂ, ಕಾರವಾರದ ರೂಟರ್‌ಗೆ 10.40.7ರಿಂದ ನಿಮ್ಮ ಸರ್ವರ್‌ಗೆ ಬರುವ ದಾರಿ ಗೊತ್ತಿಲ್ಲದಿದ್ದರೆ ಕೌಂಟರ್ ಸಿಗುವುದಿಲ್ಲ. ಅಲ್ಲಿನವರಿಗೆ ಹೇಳಿ ಹೊಸ ಕೌಂಟರ್‌ನಿಂದ ನಿಮ್ಮ ಸರ್ವರ್‌ಗೆ ಒಂದು ಟ್ರೇಸ್‌ರೂಟ್ (ಯಾವ ಯಾವ ರೂಟರ್ ದಾಟಿ ಹೋಗುತ್ತದೆ ಅನ್ನುವ ಪಟ್ಟಿ) ತೆಗೆಸಿ, ಕೆಲಸ ಮಾಡುತ್ತಿರುವ ಹಳೆ ಕೌಂಟರ್‌ನಿಂದ ಇನ್ನೊಂದು. ವಿಂಡೋಸ್ ಇದ್ದರೆ ಕಮಾಂಡ್‌ನ ಹೆಸರು 'ಟ್ರೇಸರ್ಟ್'. ಎರಡನ್ನೂ, 254ರ ನೈಬರ್ ಸಾಲನ್ನೂ ಕಳಿಸಿ. ತೆಗೆಯುವ ದಿನ ಶನಿವಾರ ಕೌಂಟರ್ ಮುಚ್ಚಿದ ಮೇಲೆ ಇಟ್ಟುಕೊಳ್ಳಿ. ಮತ್ತು ನೀವು ಮನೆಯಿಂದಲ್ಲ, ಶಿರಸಿಯ ಆ ಸರ್ವರ್ ಎದುರೇ, ಅದಕ್ಕೆ ಕೀಬೋರ್ಡ್ ಮತ್ತು ಪರದೆ ಚುಚ್ಚಿಕೊಂಡು ಕೂತಿರಬೇಕು.